ಉಗುರಿನ ಮೂಲೆ

ಕಾಲಿನ ಹೆಬ್ಬೆರಳಿನ ಉಗುರು ಮೂರನೇ ಸಲ ಮಾಂಸದೊಳಗೆ ಇಳಿದಾಗ ನಾನು ಐಹೊಳೆಯ ಮೇಗುಟಿ ಗುಡ್ಡದ ಮೆಟ್ಟಿಲ ಮೇಲಿದ್ದೆ. ಮೇಲೆ, ಪಿಎಚ್.ಡಿ.ಗೆ ನಾನು ನೋಡಲೇಬೇಕಿದ್ದ ಕ್ರಿ.ಶ. 634ರ ರವಿಕೀರ್ತಿಯ ಶಾಸನ. ಶೂ ಕಳಚಿ ಅರ್ಧದಲ್ಲೇ ಕೂತೆ.

ಅಮೀನಗಡದ ಮನೆಯಲ್ಲಿ ಅವ್ವ ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಡಿಸಿದಳು. "ಮೂಲಿ ಯಾಕ ಕೊರೀತಿ ಯಪ್ಪಾ? ಬೆಳ್ಯಾಕ ಬಿಡು" ಅಂದಳು. ಡಾಕ್ಟರೂ ಅದನ್ನೇ ಹೇಳಿದರು: ಉಗುರನ್ನು ನೇರವಾಗಿ ಕತ್ತರಿಸಬೇಕು, ಬಿಗಿ ಶೂ ಬೇಡ.

ನೋವಾದಾಗಲೆಲ್ಲ ನಾನು ಮೂಲೆಯನ್ನು ಇನ್ನಷ್ಟು ಆಳಕ್ಕೆ ಕತ್ತರಿಸುತ್ತಿದ್ದೆ. ಎರಡು ದಿನ ಹಾಯೆನಿಸುತ್ತಿತ್ತು. ಒಳಗುಳಿದ ಚೂರು ಮುಳ್ಳಾಗಿ ಬೆಳೆಯುತ್ತಿತ್ತು. ಗೈಡ್ ಕೇಳಿದಾಗಲೆಲ್ಲ "ಮುಂದಿನ ವಾರ ಸರ್" ಅಂದದ್ದೂ ಹೀಗೆಯೇ.

ಕಾಲಿನ ಹೆಬ್ಬೆರಳಿನ ಉಗುರು ಪೂರ್ತಿ ಹೊಸದಾಗಿ ಬೆಳೆಯಲು ಒಂದು ವರ್ಷದ ಮೇಲೆ ಬೇಕು. ಈಗ ಚಪ್ಪಲಿಯಲ್ಲೇ ಓಡಾಡುತ್ತಿದ್ದೇನೆ. ಮೂಲೆ ಮುಟ್ಟಿಲ್ಲ. ನಿನ್ನೆ ಗೈಡ್‌ಗೆ ಫೋನ್ ಮಾಡಿ, ಅಧ್ಯಾಯ ಇನ್ನೂ ಬರೆದಿಲ್ಲ ಎಂದು ಹೇಳಿಬಿಟ್ಟೆ.