ಕೇದಾರಕ್ಕೆ ಹೊರಟ ಅಕ್ಕ, ಎಂಟು ಪಾಯಿಂಟ್ ನಾಲ್ಕು

ಸುಲ್ತಾನ್‌ಪೇಟೆ ಕಡೆಯಿಂದ ನಂದಿಬೆಟ್ಟದ ಮೆಟ್ಟಿಲು ಹತ್ತಿದವರಿಗೆ ಗೊತ್ತು, ಅರ್ಧಕ್ಕೆ ಬರುವಷ್ಟರಲ್ಲಿ ಎಲ್ಲರ ಮಾತೂ ನಿಂತಿರುತ್ತದೆ. ನಮ್ಮಕ್ಕನದು ಕಾಲು ಭಾಗಕ್ಕೇ ನಿಂತಿತು. ಸೆರಗಿನಿಂದ ಮುಖ ಒರೆಸಿಕೊಂಡು ಕಲ್ಲಿನ ಮೇಲೆ ಕೂತವಳು, 'ಎದೆ ಹೊಡ್ಕೊಳ್ತಾ ಐತೆ ಕಣಪ್ಪ, ನೀವು ಹೋಗಿ' ಅಂದಳು. ತುಟಿ ನೋಡಿದರೆ ಬಿಳಚಿಕೊಂಡಿತ್ತು.

ನಾವು ಅಂದು ಬೆಟ್ಟಕ್ಕೆ ಹೋಗಿದ್ದು ಶೋಕಿಗಲ್ಲ. ಸಾದಲಿ ಮತ್ತು ಅಕ್ಕಪಕ್ಕದ ಹಳ್ಳಿಗಳಿಂದ ಹದಿನಾಲ್ಕು ಜನ ಕೇದಾರನಾಥಕ್ಕೆ ಹೊರಟಿದ್ದರು. ತಲಾ 5,000 ರೂಪಾಯಿ ಅಡ್ವಾನ್ಸ್ ಕಟ್ಟಿಯಾಗಿತ್ತು. ಗೌರಿಕುಂಡದಿಂದ ಮೇಲಕ್ಕೆ ಸುಮಾರು 16 ಕಿಲೋಮೀಟರ್ ನಡಿಗೆ. ಕುದುರೆ ಬೇಡ, ನಡೆದೇ ಹತ್ತುತ್ತೇನೆ ಅಂತ ಅಕ್ಕನ ಹಟ. ಹರಕೆ. ಹಾಗಿದ್ದರೆ ಮೊದಲು ನಂದಿ ಹತ್ತಿ ತೋರಿಸು ಅಂತ ನಾವೇ ಕರೆದುಕೊಂಡು ಹೋಗಿದ್ದೆವು. ನಂದಿ 1,478 ಮೀಟರ್. ಕೇದಾರ 3,583 ಮೀಟರ್.

ಮನೆಗೆ ಬಂದ ಮೇಲೆ ಒಂದೊಂದೇ ಗೊತ್ತಾಯಿತು. ಎರಡು ವರ್ಷದಿಂದ ಸುಸ್ತು. ಹುಳು ನಾಲ್ಕನೇ ಜ್ವರ ಎದ್ದ ಮೇಲೆ ರಾತ್ರಿಯೆಲ್ಲ ಸೊಪ್ಪು ಹಾಕಬೇಕಲ್ಲ, ನಿದ್ದೆ ಇಲ್ಲದ್ದಕ್ಕೇ ಹೀಗೆ ಅಂತ ಅವಳೂ ಅಂದುಕೊಂಡಿದ್ದಳು, ನಾವೂ ಅಂದುಕೊಂಡಿದ್ದೆವು. ಒಂದು ಕ್ಲಿನಿಕ್ಕಿನಲ್ಲಿ 'ವೀಕ್‌ನೆಸ್' ಅಂತ ಹೇಳಿ ಮೂರು ಸಲ ಗ್ಲೂಕೋಸ್ ಬಾಟಲಿ ಏರಿಸಿ ಕಳಿಸಿದ್ದರು. ರಕ್ತ ಪರೀಕ್ಷೆ ಒಮ್ಮೆಯೂ ಮಾಡಿಸಿರಲಿಲ್ಲ. ಮುಟ್ಟಿನ ರಕ್ತಸ್ರಾವ ಏಳೆಂಟು ದಿನ ನಿಲ್ಲುವುದಿಲ್ಲ ಎಂಬುದನ್ನು ಅವಳು ಆಶಾ ಕಾರ್ಯಕರ್ತೆಗೆ ಹೇಳಿದ್ದಳೇ ಹೊರತು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 8.4. ಹೆಂಗಸರಿಗೆ 12 ಇರಬೇಕು, ಗಂಡಸರಿಗೆ 13.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ರಕ್ತಹೀನತೆ ಬಗ್ಗೆ ಎಷ್ಟು ಸುದ್ದಿ ಕಳಿಸಿದ್ದೇವೋ ಲೆಕ್ಕವಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತ ಕಡಿಮೆ. ಈ ಅಂಕಿಯನ್ನು ನಾವೇ ಟೈಪ್ ಮಾಡಿ, ದೀಪ ಹಚ್ಚುವ ಫೋಟೋ ಸೇರಿಸಿ ಡೆಸ್ಕಿಗೆ ಕಳಿಸಿದ್ದೆವು. ಆ 57ರಲ್ಲಿ ಒಬ್ಬಳು ನಮಗೆ ಟೀ ಕಾಯಿಸಿ ಕೊಡುತ್ತಿದ್ದಳು.

ಬೆಟ್ಟಕ್ಕೂ ಕಬ್ಬಿಣಕ್ಕೂ ಏನು ಸಂಬಂಧ ಅಂತ ಡಾಕ್ಟರನ್ನು ಕೇಳಿದೆವು. ಅವರು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಉಸಿರಿನ ಆಮ್ಲಜನಕವನ್ನು ಮೈಯೆಲ್ಲ ಸಾಗಿಸುವ ಗಾಡಿ ಹಿಮೋಗ್ಲೋಬಿನ್. ಆ ಗಾಡಿ ಕಟ್ಟಲು ಕಬ್ಬಿಣ ಬೇಕು. ಕೇದಾರದ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟೇ. ಅಂದರೆ ಒಂದೊಂದು ಉಸಿರಿಗೂ ಸಿಗುವ ಸರಕೇ ಕಡಿಮೆ. ಸರಕೂ ಕಡಿಮೆ, ಗಾಡಿಯೂ ಕಡಿಮೆ ಆದರೆ ಎದೆ ಎರಡರಷ್ಟು ದುಡಿಯಬೇಕು. ಎತ್ತರದಲ್ಲಿ ವಾರಗಟ್ಟಲೆ ಇದ್ದರೆ ಮೂತ್ರಪಿಂಡ ಒಂದು ಹಾರ್ಮೋನ್ ಬಿಟ್ಟು, ಹೆಚ್ಚು ಕೆಂಪುಕಣ ಮಾಡು ಅಂತ ಮೂಳೆಮಜ್ಜೆಗೆ ಹೇಳುತ್ತದಂತೆ. ಆಗಲೂ ಕಬ್ಬಿಣ ಬೇಕು. ಗೋದಾಮು ಖಾಲಿ ಇದ್ದರೆ ಆರ್ಡರ್ ಬಂದು ಏನು ಪ್ರಯೋಜನ? ಈ ಗೋದಾಮಿನ ಲೆಕ್ಕ ಹೇಳುವುದು ಫೆರಿಟಿನ್ ಎಂಬ ಇನ್ನೊಂದು ಪರೀಕ್ಷೆ. ಹಿಮೋಗ್ಲೋಬಿನ್ ಸರಿ ಇದ್ದೂ ಫೆರಿಟಿನ್ ತಳ ಕಂಡಿರಬಹುದು.

ಅಕ್ಕ ಆ ವರ್ಷ ಹೋಗಲಿಲ್ಲ. ಅಡ್ವಾನ್ಸ್ ವಾಪಸ್ ಬರಲಿಲ್ಲ. ಎರಡು ದಿನ ನಮ್ಮ ಜೊತೆ ಮಾತು ಬಿಟ್ಟಳು.

ಆಮೇಲೆ ಊಟದ ವಿಚಾರಣೆ ಶುರುವಾಯಿತು. ರಾಗಿ ತಿನ್ನುವವರಿಗೆ ರಕ್ತ ಕಡಿಮೆ ಹೇಗಾಗುತ್ತೆ ಅಂತ ನಮ್ಮಮ್ಮನ ವಾದ. ರಾಗಿಯಲ್ಲಿ ಸುಣ್ಣದಂಶ ಜಾಸ್ತಿ, ಕಬ್ಬಿಣವೂ ಇದೆ, ಆದರೆ ಅದರಲ್ಲಿರುವ ಫೈಟೇಟ್ ಎಂಬ ಅಂಶ ಆ ಕಬ್ಬಿಣವನ್ನು ಕರುಳಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮೊಳಕೆ ಕಟ್ಟಿದರೆ ಅದು ಸ್ವಲ್ಪ ತಗ್ಗುತ್ತದೆ. ಅದಕ್ಕಿಂತ ದೊಡ್ಡ ಕಳ್ಳ ಟೀ. ಮುದ್ದೆ ನುಂಗಿ ಕೈ ತೊಳೆಯುವ ಮೊದಲೇ ಟೀ ಲೋಟ ಹಿಡಿಯುವ ಅಭ್ಯಾಸ ನಮ್ಮ ಮನೆಯಲ್ಲಿ ಎಲ್ಲರಿಗೂ ಇತ್ತು. ಅಕ್ಕನದು ದಿನಕ್ಕೆ ಆರು ಲೋಟ. ಊಟದ ಜೊತೆಗೇ ಹೋದ ಟೀ, ಸೊಪ್ಪು ಕಾಳಿನ ಕಬ್ಬಿಣವನ್ನು ಕಟ್ಟಿಹಾಕಿಬಿಡುತ್ತದೆ. ನಿಂಬೆ, ನೆಲ್ಲಿಕಾಯಿ, ಸೀಬೆಹಣ್ಣು ಇದಕ್ಕೆ ಉಲ್ಟಾ, ಬಿಡಿಸಿಕೊಡುತ್ತವೆ.

ಹೊಸದಾಗಿ ಏನೂ ಕೊಳ್ಳಲಿಲ್ಲ. ಟೀ ಊಟದಿಂದ ಒಂದೂವರೆ ಗಂಟೆ ಆಚೆಗೆ ಹೋಯಿತು. ಹುರುಳಿಕಾಳು ಬಸ್ಸಾರಿನ ತಟ್ಟೆಗೆ ಅರ್ಧ ನಿಂಬೆ ಬಂತು. ಹಿಪ್ಪುನೇರಳೆ ತೋಟದ ಬದುವಿನಲ್ಲಿ ಸುಮ್ಮನೆ ನಿಂತಿದ್ದ ನುಗ್ಗೆ ಮರದ ಸೊಪ್ಪು ವಾರಕ್ಕೆ ಮೂರು ದಿನ. ಭಾನುವಾರ ಮಟನ್ ತಂದರೆ ಲಿವರ್ ತುಂಡು ಮೊದಲು ಅಕ್ಕನ ತಟ್ಟೆಗೆ. ಮಾಂಸದ ಕಬ್ಬಿಣ ಸೊಪ್ಪಿನದಕ್ಕಿಂತ ಬೇಗ ಮೈಗೆ ಹತ್ತುತ್ತದೆ. ಇದೆಲ್ಲಕ್ಕಿಂತ ಕಷ್ಟವಾಗಿದ್ದು ಅವಳನ್ನು ಎಲ್ಲರ ಜೊತೆ ಊಟಕ್ಕೆ ಕೂರಿಸಿದ್ದು. ಕೊನೆಯಲ್ಲಿ ಉಂಡವಳಿಗೆ ಸಿಗುವುದು ಸಾರಿನ ನೀರು, ಕಾಳಲ್ಲ.

ಆದರೆ 8.4 ಇದ್ದವರನ್ನು ಊಟ ಒಂದೇ ಮೇಲೆತ್ತುವುದಿಲ್ಲ. ದಿನಕ್ಕೊಂದು ಐರನ್ ಮಾತ್ರೆ, ಜೊತೆಗೆ ರಕ್ತಸ್ರಾವಕ್ಕೆ ಬೇರೆ ಚಿಕಿತ್ಸೆ. ಮಾತ್ರೆಗೆ ಮೊದಮೊದಲು ಹೊಟ್ಟೆ ತೊಳೆಸಿತು, ಮಲ ಕಪ್ಪಾಯಿತು. ಹೆದರಿ ಬಿಡಲು ನೋಡಿದಳು. ಕಪ್ಪಾಗುವುದು ಸಹಜ ಅಂತ ಆಶಾ ಅಕ್ಕ ಬಂದು ಹೇಳಿದ ಮೇಲೆ ರಾತ್ರಿ ಮಲಗುವಾಗ ನುಂಗತೊಡಗಿದಳು. ಇದನ್ನು ಓದಿ ಯಾರೂ ಅಂಗಡಿಗೆ ಹೋಗಿ ಡಬ್ಬಿ ತರಬೇಡಿ. ಪರೀಕ್ಷೆ ಇಲ್ಲದೆ ನುಂಗಿದರೆ ಕಬ್ಬಿಣ ಹೆಚ್ಚಾದರೂ ಕೆಡುಕೇ. ಚಿಕ್ಕ ಮಕ್ಕಳ ಕೈಗೆ ಸಿಕ್ಕಿದರೆ ಆ ಮಾತ್ರೆ ಪ್ರಾಣಕ್ಕೇ ಅಪಾಯ.

ಮೂರು ತಿಂಗಳಿಗೆ 11.6. ಗೋದಾಮು ತುಂಬಲಿ ಅಂತ ಡಾಕ್ಟರು ಇನ್ನೂ ಮೂರು ತಿಂಗಳು ಮಾತ್ರೆ ಮುಂದುವರಿಸಿದರು. ಬೇಸಿಗೆ ಹೊತ್ತಿಗೆ 12.3. ಅಷ್ಟರಲ್ಲಿ ನಂದಿ ಮೆಟ್ಟಿಲನ್ನು ಅವಳು ನಾಲ್ಕು ಸಲ ಹತ್ತಿ ಇಳಿದಿದ್ದಳು.

ಹೊರಡುವ ಮುಂಚೆ ಅಮ್ಮ ತಡೆದಳು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರ ತಾಲ್ ಚಾರಣಕ್ಕೆ ಹೋದ ಕರ್ನಾಟಕದ ಒಂಬತ್ತು ಜನ ಹಿಮಗಾಳಿಗೆ ಸಿಕ್ಕಿ ತೀರಿಕೊಂಡ ಸುದ್ದಿ ಅವಳ ತಲೆಯಲ್ಲಿತ್ತು. ಅಲ್ಲಿ ಕೊಂದದ್ದು ಚಳಿಗಾಳಿ. ಅದರ ಮುಂದೆ ಹಿಮೋಗ್ಲೋಬಿನ್ ಏನೂ ಮಾಡದು. ಎತ್ತರಕ್ಕೆ ಬರುವ ತಲೆನೋವು, ವಾಂತಿಯನ್ನೂ ಕಬ್ಬಿಣ ತಡೆಯುವುದಿಲ್ಲ. ನಿಧಾನ ಹತ್ತಬೇಕು, ಹೆಚ್ಚಾದರೆ ಇಳಿಯಬೇಕು. ಅಮ್ಮನಿಗೆ ಸುಳ್ಳು ಹೇಳದೆ ಇಷ್ಟನ್ನೂ ಹೇಳಿದೆವು. ಮಳೆ ಬಂದರೆ ವಾಪಸ್ ಬರುತ್ತೇವೆ ಅಂತ ಮಾತು ಕೊಟ್ಟೆವು.

ಗೌರಿಕುಂಡದಲ್ಲಿ ರಾತ್ರಿ ತಂಗಿ ಬೆಳಗಿನ ಜಾವ ಹೊರಟೆವು. ಮೇಲೆ ಹೋದಂತೆ ಹಸಿವೆಯೇ ಆಗದು, ಆದರೂ ತಿನ್ನುತ್ತಿರಬೇಕು. ಅಕ್ಕ ಕಟ್ಟಿಕೊಂಡಿದ್ದು ರಾಗಿ ಹುರಿಹಿಟ್ಟು, ಬೆಲ್ಲ, ಹುರಿದ ಕಡಲೆಕಾಯಿ. ಅರ್ಧ ಗಂಟೆಗೊಮ್ಮೆ ಒಂದು ಹಿಡಿ, ಎರಡು ಗುಟುಕು ನೀರು. ಹತ್ತು ಕಿಲೋಮೀಟರ್ ದಾಟಿದ ಮೇಲೆ ದಾರಿಬದಿಯ ಕಲ್ಲಿನ ಮೇಲೆ ಕೂತು ಮೇಲುಸಿರು ಬಿಡುತ್ತಿದ್ದವರು ನಾವು. ದಿನಕ್ಕೆ ಅರ್ಧ ಪ್ಯಾಕ್ ಸಿಗರೇಟು, ಇಡೀ ದಿನ ಬೈಕು, ಇನ್ನೇನಾದೀತು.

ಅಕ್ಕ ನಿಂತು ತಿರುಗಿ ನೋಡಿದಳು. 'ಏನಪ್ಪ, ನಿಂದೂ ಒಂದ್ಸಲ ರಕ್ತ ನೋಡ್ಸಾಣಾ?' ಅಂದು, ಹುರಿಹಿಟ್ಟಿನ ಡಬ್ಬಿ ನಮ್ಮ ಕೈಗಿಟ್ಟು ಮುಂದೆ ನಡೆದಳು.