ಜವಳಗಿರಿಯ ದಾರಿ: ನರಭಕ್ಷಕರ ಕಥೆ ಹುಟ್ಟಿದ ಕಾಡು

ಹೊಸೂರಿನಿಂದ ದಕ್ಷಿಣಾಭಿಮುಖವಾಗಿ ಹೊರಟ ರಸ್ತೆ ಮೊದಲು ಕಾರ್ಖಾನೆಗಳ ಗೋಡೆಗಳನ್ನೂ, ಬಳಿಕ ಗುಲಾಬಿ ಮತ್ತು ತರಕಾರಿ ಬೆಳೆಯುವ ಹಸಿರುಮನೆಗಳನ್ನೂ ದಾಟಿ ತಳಿಯನ್ನು ತಲುಪುತ್ತದೆ. ಇಲ್ಲಿಯ ತಂಪಿಗೆ ಮನಸೋತ ಆಂಗ್ಲರು ಈ ಊರನ್ನು ‘ಲಿಟ್ಲ್ ಇಂಗ್ಲೆಂಡ್’ ಎಂದು ಕರೆದಿದ್ದರು. ತಳಿಯಿಂದ ಮುಂದೆ ಹೊಲಗಳು ಕಿರಿದಾಗುತ್ತವೆ, ಬಂಡೆಗುಡ್ಡಗಳು ಹತ್ತಿರವಾಗುತ್ತವೆ, ಬಿದಿರಿನ ಮೆಳೆಗಳು ರಸ್ತೆಗೆ ಬಾಗುತ್ತವೆ. ಅಲ್ಲಿಂದಾಚೆ ಜವಳಗಿರಿ. ಪಡುವಣಕ್ಕೆ ಬನ್ನೇರುಘಟ್ಟದ ಕಾಡು, ದಕ್ಷಿಣಕ್ಕೆ ಅಂಚೆಟ್ಟಿಯ ಕಣಿವೆ, ಅದರಾಚೆಗೆ ಕಾವೇರಿ. ರಾಜ್ಯಗಳ ಗಡಿ ಈ ಕಾಡಿನ ನಡುವೆ ಹಾದುಹೋಗಿದೆಯಾದರೂ ಆನೆಗೂ ಚಿರತೆಗೂ ಅದರ ಅರಿವಿಲ್ಲ. ಎರಡೂ ಮಗ್ಗುಲಿನ ಹಳ್ಳಿಗಳಲ್ಲಿ ತಲೆತಲಾಂತರದಿಂದ ಕನ್ನಡವಾಡುವ ಮನೆಗಳಿಗೂ ಆ ಗೆರೆ ಬಹಳ ತಡವಾಗಿ ಬಂದದ್ದು.

ಭಾರತದ ಬೇಟೆಯ ಸಾಹಿತ್ಯವನ್ನು ಓದಿದವರಿಗೆ ಈ ದಾರಿಯ ಊರುಗಳ ಹೆಸರು ಹೊಸತಲ್ಲ. ಜವಳಗಿರಿ, ಗುಮ್ಮಳಾಪುರ, ಡೆಂಕಣಿಕೋಟೆ, ಅಂಚೆಟ್ಟಿ: ಇವೆಲ್ಲ ಕೆನೆತ್ ಆಂಡರ್ಸನ್ನನ ಪುಟಗಳಲ್ಲಿ ಮತ್ತೆ ಮತ್ತೆ ಬರುವ ಹೆಸರುಗಳು. 1910ರಲ್ಲಿ ಹೈದರಾಬಾದಿನ ಬೊಲಾರಂನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬಾಳಿ, 1974ರಲ್ಲಿ ಅಲ್ಲಿಯೇ ತೀರಿಕೊಂಡ ಈತ ಸ್ಕಾಟ್ ಮೂಲದವನು. ಕನ್ನಡ, ತಮಿಳುಗಳನ್ನು ಬಲ್ಲವನು. ಬೆಂಗಳೂರಿನ ವಿಮಾನ ಕಾರ್ಖಾನೆಯ ನೌಕರಿಯಿಂದ ಬಿಡುವು ದೊರೆತಾಗಲೆಲ್ಲ ಈತನ ಪಯಣ ಹೊಸೂರಿನ ಕಡೆಗೆ. ಆಗ ಈ ಸೀಮೆ ಮದರಾಸು ಪ್ರಾಂತದ ಸೇಲಂ ಜಿಲ್ಲೆಗೆ ಸೇರಿತ್ತು. 1954ರಲ್ಲಿ ಪ್ರಕಟವಾದ ಈತನ ಮೊದಲ ಪುಸ್ತಕ ‘ನೈನ್ ಮ್ಯಾನ್‌ಈಟರ್ಸ್ ಆ್ಯಂಡ್ ಒನ್ ರೋಗ್’. ಒಂಬತ್ತು ನರಭಕ್ಷಕರು, ಒಂದು ಪುಂಡಾನೆ. ಅದರ ಕಥೆಗಳಲ್ಲಿ ಒಂದು ಜವಳಗಿರಿಯ ಹೆಣ್ಣುಹುಲಿಯದು, ಮತ್ತೊಂದು ಗುಮ್ಮಳಾಪುರದ ಚಿರತೆಯದು.

ಮೃಗದ ದಾಳಿಯ ಕಥೆ ಈ ನೆಲಕ್ಕೆ ಆಂಡರ್ಸನ್ನನಿಂದ ಬಂದುದಲ್ಲ. ಡೆಂಕಣಿಕೋಟೆಯ ದೇವರ ಹೆಸರೇ ಬೇಟೆರಾಯಸ್ವಾಮಿ. ಕೃಷ್ಣಗಿರಿ ಜಿಲ್ಲೆ ವೀರಗಲ್ಲುಗಳಿಗೆ ಹೆಸರಾದುದು. ತುರುಗೋಳಿನಲ್ಲಿ ಮಡಿದವರಿಗೆ ಕಲ್ಲು ನಿಲ್ಲಿಸಿದಂತೆ, ಹುಲಿಯೊಡನೆ ಹೋರಾಡಿ ಮಡಿದವರಿಗೂ ಕಲ್ಲು ನಿಲ್ಲಿಸುವ ರೂಢಿ ಕನ್ನಡ ಮತ್ತು ತಮಿಳು ನಾಡುಗಳೆರಡರಲ್ಲಿಯೂ ಇತ್ತು. ಈ ಬಗೆಯ ಕಲ್ಲುಗಳಲ್ಲಿ ಕನ್ನಡಿಗರು ಮರೆಯಬಾರದ ಒಂದು, ಮದ್ದೂರು ಸೀಮೆಯ ಆತಕೂರಿನದು. ಹತ್ತನೆಯ ಶತಮಾನದ ಮಧ್ಯಭಾಗದ ಆ ಶಾಸನ, ಕಾಳಿ ಎಂಬ ಬೇಟೆನಾಯಿ ದೊಡ್ಡ ಹಂದಿಯೊಂದನ್ನು ಎದುರಿಸಿ, ಎರಡೂ ಮಡಿದ ಸಂಗತಿಯನ್ನು ದಾಖಲಿಸುತ್ತದೆ. ಕಲ್ಲಿನ ಮೇಲೆ ನಾಯಿ, ಹಂದಿಗಳ ಕಾದಾಟದ ಚಿತ್ರವೂ ಇದೆ. ಸಾವಿರ ವರ್ಷಗಳ ಹಿಂದೆಯೇ ಕನ್ನಡವು ಪ್ರಾಣಿಯೊಂದರ ಧೈರ್ಯವನ್ನು ಹೆಸರು ಹಿಡಿದು ಬರೆದಿಟ್ಟಿತ್ತು.

ವೀರಗಲ್ಲು ಸತ್ತವನ ಕಥೆ ಹೇಳುತ್ತದೆ. ಬೇಟೆಯ ಕಥೆ ಬದುಕಿ ಬಂದವನದು. ಜವಳಗಿರಿಯ ಕಥೆಯಲ್ಲಿ ಜೊತೆಗಾರ ಗಂಡುಹುಲಿಯು ಬಂದೂಕಿಗೆ ಬಲಿಯಾದ ಬಳಿಕ ಹೆಣ್ಣುಹುಲಿ ಆ ಸುತ್ತಿನಲ್ಲೇ ಕೂಗುತ್ತ ಅಲೆಯುತ್ತದೆ. ಕ್ರಮೇಣ ಮನುಷ್ಯರ ಮೇಲೆ ತಿರುಗಿಬೀಳುತ್ತದೆ. ಕೊನೆಗೆ ಬೆಳದಿಂಗಳ ರಾತ್ರಿಯಲ್ಲಿ ಬೇಟೆಗಾರನು ಗಂಡುಹುಲಿಯ ದನಿಯನ್ನು ಅನುಕರಿಸುತ್ತಾನೆ. ಕಾಡಿನ ಆಳದಿಂದ ಉತ್ತರ ಬರುತ್ತದೆ. ಆ ದನಿ ಸಮೀಪಿಸುತ್ತ ಬಂದಂತೆ ಓದುವವನ ಎದೆಬಡಿತವೂ ಏರುತ್ತದೆ. ಗುಂಡು ಹಾರಿ ಕಥೆ ಮುಗಿದ ಮೇಲೆ ಮಾತ್ರ ಬೇರೊಂದು ಭಾವ ನಿಧಾನವಾಗಿ ಮೂಡುತ್ತದೆ: ಆ ಹುಲಿ ಬಂದದ್ದು ಹಸಿವಿನಿಂದಲ್ಲ, ಕಳೆದುಹೋದ ಜೊತೆಗಾರನ ಕರೆಯೆಂದು ನಂಬಿ.

ಗುಮ್ಮಳಾಪುರದ ಕಥೆ ಇದಕ್ಕಿಂತಲೂ ಭೀಕರ. ಆ ಚಿರತೆ ಸುಮಾರು 250 ಚದರ ಮೈಲಿ ವ್ಯಾಪ್ತಿಯಲ್ಲಿ 42 ಮಂದಿಯನ್ನು ಕೊಂದಿತೆಂದು ಆಂಡರ್ಸನ್ ಬರೆಯುತ್ತಾನೆ. ಹೊತ್ತು ಮುಳುಗುವ ಮೊದಲೇ ಜನ ಬಾಗಿಲು ಭದ್ರಪಡಿಸಿಕೊಂಡರೂ, ಗುಡಿಸಲ ಸೂರಿನ ಹುಲ್ಲನ್ನು ಕಿತ್ತು ಒಳನುಗ್ಗುವ ಮೃಗ ಅದು. ಊರಿನಲ್ಲಿ ಆಶ್ರಯ ಬೇಡಿ ಬಂದ ಬೀದಿನಾಯಿಯೊಂದು ಸರಿಯಾದ ಗಳಿಗೆಯಲ್ಲಿ ಗುರುಗುಟ್ಟಿ ಎಚ್ಚರಿಸದಿದ್ದರೆ ಬೇಟೆಗಾರನೂ ಉಳಿಯುತ್ತಿರಲಿಲ್ಲ. ಆತಕೂರಿನ ಕಾಳಿಗೆ ಕಲ್ಲು ಸಿಕ್ಕಿತು. ಗುಮ್ಮಳಾಪುರದ ಈ ನಾಯಿಗೆ ಪುಸ್ತಕದಲ್ಲೊಂದು ಸ್ಥಾನವೂ ಆಂಡರ್ಸನ್ನನ ಮನೆಯಲ್ಲಿ ಆಶ್ರಯವೂ ಸಿಕ್ಕಿದವು.

ಇಂಥ ಕಥೆಗಳನ್ನು ಮಕ್ಕಳು ಬಾಯಿ ಬಿಟ್ಟುಕೊಂಡು ಓದುತ್ತಾರೆ. ದೊಡ್ಡವರೂ ಹಾಗೆಯೇ ಓದಿ ಬೆಳೆದವರು. ಕತ್ತಲು, ಒಂಟಿತನ, ಎಲೆಯ ಸಪ್ಪಳ, ಕಾಯುವಿಕೆ: ಇಷ್ಟೇ ಸಾಮಗ್ರಿಯಿಂದ ಕಥೆಗಾರ ಓದುಗನನ್ನು ಕಟ್ಟಿಹಾಕುತ್ತಾನೆ. ಅದರ ರಂಜನೆಯಲ್ಲಿ ತಪ್ಪೇನೂ ಇಲ್ಲ. ಬೇಟೆಗಾರ ಬೆಂಕಿಯ ಸುತ್ತ ಕುಳಿತು ಹೇಳುವ ಕಥೆ ಹೇಳಿದಷ್ಟೂ ಹಿಗ್ಗುತ್ತದೆಂಬುದನ್ನು ಓದುಗ ಬಲ್ಲ. ಆದರೆ ಕಥೆಯ ಕೊನೆಯಲ್ಲಿ ಸಣ್ಣದಾಗಿ ಬರುವ ಒಂದು ವಿವರವನ್ನು ಅವಸರದಲ್ಲಿ ದಾಟಿಬಿಡಬಾರದು. ಗುಮ್ಮಳಾಪುರದ ಚಿರತೆ ಸತ್ತ ಮೇಲೆ ಅದರ ಮುಂಗಾಲಿನ ಬೆರಳುಗಳ ಸಂದಿಯಲ್ಲಿ ಮುರಿದು ಹೂತುಹೋಗಿದ್ದ ಎರಡು ಮುಳ್ಳುಹಂದಿಯ ಮುಳ್ಳುಗಳು ಕಂಡವು. ಜಿಂಕೆಯನ್ನು ಬೆನ್ನಟ್ಟಲಾರದ ಕಾಲು, ಓಡಲಾರದ ಮನುಷ್ಯನ ಕಡೆಗೆ ತಿರುಗಿತ್ತು.

ಕುಮಾವೂನಿನ ಬೆಟ್ಟಗಳಲ್ಲಿಯೂ ಜಿಮ್ ಕಾರ್ಬೆಟ್ ಕಂಡದ್ದು ಇದೇ. 436 ಮಂದಿಯನ್ನು ಕೊಂದಿತೆನ್ನಲಾದ ಚಂಪಾವತದ ಹೆಣ್ಣುಹುಲಿಯನ್ನು 1907ರಲ್ಲಿ ಕೊಂದಾಗ, ಹಿಂದೊಮ್ಮೆ ತಗುಲಿದ್ದ ಗುಂಡಿನಿಂದ ಅದರ ಕೋರೆಹಲ್ಲುಗಳು ಮುರಿದಿದ್ದವು. ಹುಲಿ ಸಹಜವಾಗಿ ನರಭಕ್ಷಕವಲ್ಲ, ಗಾಯ ಅಥವಾ ಮುಪ್ಪು ಅದನ್ನು ಆ ದಾರಿಗೆ ತಳ್ಳುತ್ತದೆ ಎಂಬುದು ಕಾರ್ಬೆಟ್ಟನ ಅನುಭವದ ಸಾರ. ಬಂದೂಕು ಹಿಡಿದವರೆಲ್ಲ ಕಾಡಿಗೆ ನುಗ್ಗುತ್ತಿದ್ದ ಕಾಲದಲ್ಲಿ ಗಾಯಗೊಂಡು ತಪ್ಪಿಸಿಕೊಂಡ ಮೃಗಗಳೂ ಹೆಚ್ಚಿದ್ದವು. ಒಬ್ಬನ ವಿನೋದದ ಗುಂಡಿಗೆ ಬೇರೊಬ್ಬರ ಮಗು ಬೆಲೆ ತೆರುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಆ ಬೇಟೆಯ ಯುಗಕ್ಕೆ ತೆರೆಯೆಳೆಯಿತು.

ಈ ಕಥೆಗಳ ಹಿಂದೆ ಮತ್ತೊಂದು ದನಿಯೂ ಇದೆ. ಆಂಡರ್ಸನ್ನನಿಗೆ ಕಾಡನ್ನು ಓದಲು ಕಲಿಸಿದವರಲ್ಲಿ ಚಿನ್ನಾರ್ ಹೊಳೆಯ ಸೀಮೆಯ ಪೂಜಾರಿ ಸಮುದಾಯದ ಬೈರನೂ ಒಬ್ಬ. ಈ ಹೊಳೆ ಹೊಗೆನಕಲ್ಲಿನ ಬಳಿ ಕಾವೇರಿಯನ್ನು ಸೇರುತ್ತದೆ. ಮೊದಲ ಪುಸ್ತಕದಲ್ಲಿಯೇ ಬೈರನಿಗೊಂದು ಅಧ್ಯಾಯ ಮೀಸಲಾಗಿದೆ. ಮಣ್ಣಿನ ಮೇಲಿನ ಹೆಜ್ಜೆ ಹಳೆಯದೋ ಹೊಸದೋ, ಕಡವೆ ಕೂಗಿದ್ದು ಯಾವುದನ್ನು ಕಂಡು, ಮಂಗಗಳು ಮರದ ತುದಿಗೇಕೆ ಏರಿದವು ಎಂಬುದನ್ನೆಲ್ಲ ಬಲ್ಲವರು ಕಾಡಿನವರು. ಅವರು ಆಡುಮಾತಿನಲ್ಲಿ ಹೇಳಿದ್ದು ಇಂಗ್ಲಿಷಿನಲ್ಲಿ ಅಚ್ಚಾಗಿ ಲಂಡನ್ನಿನ ಓದುಗರನ್ನು ಮೊದಲು ತಲುಪಿತು. ಪೂರ್ಣಚಂದ್ರ ತೇಜಸ್ವಿಯವರು ಆಂಡರ್ಸನ್ನನ ಅನುಭವಗಳನ್ನು ‘ಕಾಡಿನ ಕಥೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದಾಗ ಈ ಸೀಮೆಯ ಕಾಡು ತನ್ನದೇ ನುಡಿಗೆ ಮರಳಿದಂತಾಯಿತು. ‘ಬೆಳ್ಳಂದೂರಿನ ನರಭಕ್ಷಕ’, ‘ಪೆದ್ದಚೆರುವಿನ ರಾಕ್ಷಸ’, ‘ಜಾಲಹಳ್ಳಿಯ ಕುರ್ಕ’, ‘ಮುನಿಶಾಮಿ ಮತ್ತು ಮಾಗಡಿ ಚಿರತೆ’: ಈ ಪುಸ್ತಕಗಳು ಇಂದಿಗೂ ಕೈಯಿಂದ ಕೈಗೆ ಸಾಗುತ್ತಿವೆ. ಗಡಿಯಾಚೆಯ ಕನ್ನಡ ಶಾಲೆಯ ಮಗುವಿಗೆ ಪಠ್ಯದ ಬಹುಪಾಲು ಊರುಗಳು ದೂರದವು. ತನ್ನ ಮನೆಯಂಗಳದಿಂದ ಕಾಣುವಂಥದೇ ಗುಡ್ಡ, ತನ್ನ ಅಜ್ಜಿಯ ಬಾಯಲ್ಲಿ ಕೇಳಿದಂಥದೇ ಹೆಸರು ಕನ್ನಡದ ಪುಸ್ತಕದಲ್ಲಿ ಎದುರಾದರೆ, ಭಾಷೆ ಪರೀಕ್ಷೆಯ ವಿಷಯವಷ್ಟೇ ಆಗಿ ಉಳಿಯುವುದಿಲ್ಲ. ಅದು ನೆಲದ ಗುರುತಾಗುತ್ತದೆ.

ಇಂದಿನ ಜವಳಗಿರಿಯ ದಾರಿಯಲ್ಲಿ ನರಭಕ್ಷಕನ ಭಯವಿಲ್ಲ. ಆಂಡರ್ಸನ್ನನ ಪುಸ್ತಕದ ಲೆಕ್ಕ ಈಗ ತಲೆಕೆಳಗಾಗಿದೆ. ಒಂಬತ್ತಕ್ಕೆ ಒಂದು ಎಂಬಂತೆ ಕೊನೆಯಲ್ಲಿ ಸೇರಿಕೊಂಡಿದ್ದ ಆನೆಯೇ ಇಂದು ಇಲ್ಲಿಯ ಮುಖ್ಯ ಕಥೆ. ಮುಂಗಾರು ಮುಗಿದು ರಾಗಿಯ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಆನೆಗಳ ಹಿಂಡುಗಳು ಜವಳಗಿರಿಯ ಕಾಡನ್ನು ಹೊಗುತ್ತವೆ. ಡೆಂಕಣಿಕೋಟೆಯ ಮಾರ್ಗವಾಗಿ ಹೊಸೂರಿನ ಸಮೀಪದ ಸಾಣಮಾವು ಕಾಡಿನವರೆಗೂ ಸಾಗುತ್ತವೆ. ಮಳೆ ನಂಬಿ ಬೆಳೆದ ಒಂದೆರಡು ಎಕರೆಯ ರಾಗಿ ಒಂದೇ ರಾತ್ರಿಯಲ್ಲಿ ನೆಲಸಮವಾಗುತ್ತದೆ. ಅಟ್ಟಣೆಯ ಮೇಲೆ ತಮಟೆ, ಪಟಾಕಿಗಳೊಡನೆ ರೈತ ಬೆಳಗು ಮಾಡುತ್ತಾನೆ. ಹೊಲಕ್ಕೆ ಹೋದವರು ಮರಳದ ದಿನಗಳೂ ಇವೆ. ಇತ್ತ ಬೇಲಿಗೆ ಕಳ್ಳತನದಲ್ಲಿ ಹರಿಸಿದ ವಿದ್ಯುತ್ತಿಗೆ ಆನೆಯೂ ಬಲಿಯಾಗುತ್ತದೆ.

ಈ ಕಥೆಯಲ್ಲಿ ಗುಂಡು ಹಾರಿಸಿ ಮುಕ್ತಾಯ ಹೇಳುವ ಬೇಟೆಗಾರನಿಲ್ಲ. 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮವನ್ನು 500 ಚದರ ಕಿಲೋಮೀಟರಿಗೂ ಮಿಗಿಲಾದ ವಿಸ್ತಾರದಲ್ಲಿಯೂ, 2022ರಲ್ಲಿ ಕಾವೇರಿ ದಕ್ಷಿಣ ವನ್ಯಜೀವಿಧಾಮವನ್ನು ಸುಮಾರು 686 ಚದರ ಕಿಲೋಮೀಟರಿನಲ್ಲಿಯೂ ತಮಿಳುನಾಡು ಸರಕಾರ ಘೋಷಿಸಿತು. ಬನ್ನೇರುಘಟ್ಟ, ಮಲೆಮಹದೇಶ್ವರ ಬೆಟ್ಟಗಳ ಕಾಡುಗಳೊಡನೆಯೂ ತಾಳವಾಡಿಯ ಸುತ್ತಣ ಸತ್ಯಮಂಗಲದ ಹುಲಿ ರಕ್ಷಿತಾರಣ್ಯದೊಡನೆಯೂ ಕೂಡಿ ಇದು ಒಂದೇ ದೊಡ್ಡ ಕಾಡಿನ ಹರಹು. ಆನೆಗೆ ನಡೆಯಲು ಉದ್ದನೆಯ ದಾರಿ ಬೇಕು. ಆ ದಾರಿಯ ನಡುವೆ ಹೊಲವೂ, ಬಡಾವಣೆಯೂ, ಹೆದ್ದಾರಿಯೂ ಬಂದಾಗ ಅದು ದಾರಿ ಬದಲಿಸುವುದಿಲ್ಲ. ಕಾಡನ್ನು ಉಳಿಸುವ ಆದೇಶಕ್ಕೆ ಬೆಲೆ ಬರುವುದು, ಅದರ ಅಂಚಿನಲ್ಲಿ ರಾಗಿ ಕಳೆದುಕೊಂಡವನಿಗೆ ತಡವಿಲ್ಲದೆ ಪರಿಹಾರ ದೊರೆತಾಗ. ಇಲ್ಲವಾದರೆ ಕಾಡಿನ ಭಾರವೆಲ್ಲ ಅತಿ ಬಡವನ ಹೆಗಲಿಗೆ ಬೀಳುತ್ತದೆ.

ಕಾಡಂಚಿನ ಮಕ್ಕಳಿಗೆ ರೋಮಾಂಚನದ ಕಥೆಗಳ ಜೊತೆಗೆ ಹಿರಿಯರ ತಿಳಿವಳಿಕೆಯೂ ಬೇಕು. ನಸುಕಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಒಬ್ಬಂಟಿಯಾಗಿ ನಡೆಯದೆ, ಗುಂಪಿನಲ್ಲಿ ಗಟ್ಟಿಯಾಗಿ ಮಾತನಾಡುತ್ತ ಸಾಗಬೇಕು. ಚಿರತೆ ಕಂಡರೆ ಓಡಬಾರದು, ಬಗ್ಗಿ ಕೂರಬಾರದು. ನೆಟ್ಟಗೆ ನಿಂತು, ಅದರತ್ತ ಮುಖ ಮಾಡಿಯೇ ಮೆಲ್ಲನೆ ಹಿಂದೆ ಸರಿಯಬೇಕು. ಆನೆ ಕಂಡರೆ ಹತ್ತಿರ ಹೋಗುವುದಾಗಲಿ, ಕಲ್ಲೆಸೆಯುವುದಾಗಲಿ, ಮೊಬೈಲಿನಲ್ಲಿ ಚಿತ್ರ ತೆಗೆಯಲು ನಿಲ್ಲುವುದಾಗಲಿ ಕೂಡದು. ಅದಕ್ಕೆ ದಾರಿ ಬಿಡಬೇಕು. ಊರ ಅಂಚಿನಲ್ಲಿ ಕಸ ರಾಶಿ ಬಿದ್ದಲ್ಲಿ ನಾಯಿಗಳು ಸೇರುತ್ತವೆ; ನಾಯಿಗಳು ಸೇರಿದಲ್ಲಿಗೆ ಚಿರತೆ ಬರುತ್ತದೆ. ಆದುದರಿಂದ ಊರನ್ನು ಚೊಕ್ಕಟವಾಗಿಡುವುದೂ ಮಕ್ಕಳ ರಕ್ಷಣೆಯ ಕೆಲಸವೇ.

ಭಯ ಎರಡು ಬಗೆಯದು. ಕಾಣದ್ದನ್ನೆಲ್ಲ ರಾಕ್ಷಸನೆಂದು ಕಲ್ಪಿಸುವ ಭಯವೊಂದು. ಕಂಡದ್ದನ್ನು ಅರಿತು ದೂರ ಕಾಯ್ದುಕೊಳ್ಳುವ ಭಯವಿನ್ನೊಂದು. ಮೊದಲನೆಯದು ಕೈಗೆ ಕಲ್ಲು ಕೊಡುತ್ತದೆ, ಎರಡನೆಯದು ಕಾಲಿಗೆ ವಿವೇಕ ಕೊಡುತ್ತದೆ. ಮೃಗದ ಕಾಲಿನೊಳಗಿನ ಮುರಿದ ಮುಳ್ಳಿನವರೆಗೂ ಗಮನವಿಟ್ಟು ಓದಿದರೆ, ಆಂಡರ್ಸನ್ನನ ಕಥೆಗಳೂ ಮಕ್ಕಳನ್ನು ಎರಡನೆಯದರ ಕಡೆಗೇ ಕರೆದೊಯ್ಯುತ್ತವೆ.

ರಾಗಿ ಕೊಯ್ಲಿನ ದಿನಗಳಲ್ಲಿ ಜವಳಗಿರಿಯ ಕಡೆಗೆ ಹೋದವರಿಗೆ ಹೊಲದ ಬದುವಿನ ಹಸಿಮಣ್ಣಿನಲ್ಲಿ ಮೊರದಗಲದ ಹೆಜ್ಜೆಗಳು ಕಾಣಸಿಗುತ್ತವೆ. ಊರಿನ ಹಿರಿಯರು ಅದರ ಅಂಚನ್ನು ಬೆರಳಿಂದ ಮುಟ್ಟಿ, ಆನೆ ಹೋಗಿ ಎಷ್ಟು ಹೊತ್ತಾಯಿತು, ಮರಿ ಜೊತೆಗಿತ್ತೇ, ಯಾವ ದಿಕ್ಕಿಗೆ ಸಾಗಿತು ಎಂಬುದನ್ನು ಹೇಳಬಲ್ಲರು. ಬೈರನಂಥವರು ಕಲಿಸಿದ ಆ ಪಾಠಕ್ಕೆ ಪುಸ್ತಕವಿಲ್ಲ. ಶಾಲೆಗೆ ಹೊರಟ ಮಗು ಒಂದು ಗಳಿಗೆ ಅಲ್ಲಿ ನಿಂತು, ಅಜ್ಜನನ್ನು ಕೇಳಿ, ಅವನಾಡುವ ಮಾತನ್ನು ಅವನ ನುಡಿಯಲ್ಲಿಯೇ ನೆನಪಿಟ್ಟುಕೊಂಡರೆ ಅದು ಇನ್ನೊಂದು ತಲೆಮಾರಿಗೆ ಉಳಿಯುತ್ತದೆ.