ಹೆದೆಯೇರಿಸುವ ಮುನ್ನ

ಸೀತಾಸ್ವಯಂವರದ ಪಣ ಗುರಿಗೆ ಬಾಣ ಹೊಡೆಯುವುದಾಗಿರಲಿಲ್ಲ, ಶಿವಧನುವಿಗೆ ಹೆದೆಯೇರಿಸುವುದಾಗಿತ್ತು. ಹೋಮರನ ಒಡಿಸ್ಸಿಯಸ್ ಇಪ್ಪತ್ತು ವರ್ಷಗಳ ಬಳಿಕ ಮನೆಗೆ ಮರಳಿ ತಾನು ಯಾರೆಂದು ತೋರಿಸಿಕೊಳ್ಳುವುದೂ ಮೊದಲು ತನ್ನ ಹಳೆಯ ಬಿಲ್ಲಿಗೆ ಹೆದೆಯೇರಿಸಿಯೇ. ಹಲವು ವರ್ಷ ಬಿಲ್ಲು ಹಿಡಿದೂ ಆ ಕ್ರಿಯಾಪದದ ಅನುಭವ ನಮಗಿರಲಿಲ್ಲ. ನಮ್ಮದು ಕಾಂಪೌಂಡ್ ಬಿಲ್ಲು. ಅದರ ಹೆದೆ ಸದಾ ಏರಿಯೇ ಇರುತ್ತದೆ.

ಅಮೆರಿಕದ ಹೋಲೆಸ್ ವಿಲ್ಬರ್ ಅಲೆನ್ 1969ರಲ್ಲಿ ಪೇಟೆಂಟ್ ಪಡೆದ ಬಿಲ್ಲು ಇದು. ತುದಿಗಳಲ್ಲಿನ ರಾಟೆಗಳು, ಎಳೆತ ಪೂರ್ತಿಯಾಗುವ ಹೊತ್ತಿಗೆ ಭಾರದ ಬಹುಪಾಲನ್ನು ತಾವೇ ಹೊರುತ್ತವೆ. 50 ಪೌಂಡಿನ ಬಿಲ್ಲಿನಲ್ಲಿ ಶೇಕಡ 80ರಷ್ಟು ಭಾರ ಇಳಿದರೆ ಕೈಗೆ ಉಳಿಯುವುದು ಹತ್ತೇ ಪೌಂಡು. ಹಗಲಿರುಳು ಯಂತ್ರಗಳು ತಿರುಗುವ ಚಾಕಣಕ್ಕೆ ಒಪ್ಪುವ ಬಿಲ್ಲೆಂದು ನಾವೇ ತಮಾಷೆ ಮಾಡಿದ್ದುಂಟು. ಅದನ್ನು ಹಗುರವಾಗಿ ಕಾಣುವಂತಿಲ್ಲ. 2023ರಲ್ಲಿ ಬರ್ಲಿನ್‌ನಲ್ಲಿ ಸಾತಾರಾದ ಹದಿನೇಳರ ಹುಡುಗಿ ಅದಿತಿ ಸ್ವಾಮಿ ವಿಶ್ವ ಚಾಂಪಿಯನ್ ಆದದ್ದು ಈ ಬಿಲ್ಲಿನಿಂದಲೇ.

ಆದರೂ ಈ ವರ್ಷ ರಾಟೆಯಿಲ್ಲದ, ಗುರಿಕನ್ನಡಿಯಿಲ್ಲದ ಸಾಂಪ್ರದಾಯಿಕ ಬಿಲ್ಲೊಂದನ್ನು ಆರಿಸಿಕೊಳ್ಳಲು ಹೊರಟೆವು. ಮಾರುವವರು ಅದನ್ನು 'ಬೇಟೆಯ ಬಿಲ್ಲು' ಎನ್ನುತ್ತಾರೆ. ಕಚೇರಿಯ ಗೆಳೆಯರೊಬ್ಬರು ಕೇಳಿದರು: "ಸಾಹೇಬರೇ, ಬೇಟೆ ಯಾವುದು?" ನ್ಯಾಯವಾದ ಪ್ರಶ್ನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಸರ್ಕಾರದ ಅನ್ನ ಉಣ್ಣುವ ನಮಗೆ ಅದರಲ್ಲಿ ಎರಡು ಮಾತಿಲ್ಲ. ಇಲ್ಲಿಂದ ವಾಯವ್ಯಕ್ಕಿರುವ ಭೀಮಾಶಂಕರದ ಕಾಡಿಗೆ ನಾವು ಹೋಗುವುದು ಬರಿಗೈಯಲ್ಲಿ, ಮರಾಠಿಗರು ಶೇಕರು ಎನ್ನುವ ದೊಡ್ಡ ಅಳಿಲನ್ನು ನೋಡಲು. ನಮ್ಮ ಬಾಣಕ್ಕೆ ಸಿಕ್ಕುವುದು ಗೆಳೆಯರ ಹೊಲದ ಮಣ್ಣುದಿಬ್ಬಕ್ಕೆ ಒರಗಿಸಿದ ಫೋಮಿನ ಜಿಂಕೆಯೊಂದೇ.

ಆಯ್ಕೆಯಲ್ಲಿ ಮೊದಲು ಬಂದದ್ದು ಭಾರದ ಮಾತು. ಐವತ್ತು ಎಳೆದವರಿಗೆ ಐವತ್ತೇ ಇರಲೆಂಬುದು ಮಾರುವವರ ಸಲಹೆ. ಆದರೆ ಸಾಂಪ್ರದಾಯಿಕ ಬಿಲ್ಲು ಎಳೆದಷ್ಟೂ ಭಾರವಾಗುತ್ತದೆ. ಪೂರ್ತಿ ಎಳೆದಾಗ ಪೂರ್ತಿ ಭಾರವೂ ಮೂರು ಬೆರಳುಗಳ ಮೇಲೆ. ನಾವು 35 ಪೌಂಡು ಸಾಕೆಂದೆವು. ಬಿಚ್ಚಿ ಜೋಡಿಸುವ ರಿಕರ್ವ್ ಆದ್ದರಿಂದ, ತೋಳು ಬಲಿತ ಮೇಲೆ ಬಿಲ್ಲಿನ ರೆಕ್ಕೆಗಳನ್ನಷ್ಟೇ ಬದಲಿಸಬಹುದು. ಉದ್ದ 62 ಅಂಗುಲ. ಗಿಡ್ಡ ಬಿಲ್ಲಿನ ಹೆದೆ ಚೂಪು ಕೋನವಾಗಿ ಬೆರಳುಗಳನ್ನು ಹಿಂಡುತ್ತದೆ. ಬಾಣಕ್ಕೆ ಪ್ಲಾಸ್ಟಿಕ್ ಬದಲು ಹಕ್ಕಿಯ ಗರಿ. ಬಿಲ್ಲಿನ ಮೈಯನ್ನು ಸವರಿ ಹೋಗುವಾಗ ಗರಿ ಬಾಗಿ ದಾರಿ ಬಿಡುತ್ತದೆ.

ಇಷ್ಟೂ ಲೆಕ್ಕದ ಮಾತಾಯಿತು. ಲೆಕ್ಕಕ್ಕೆ ಮೀರಿದ್ದು ದೂರ. ಹತ್ತರಲ್ಲಿ ಒಂಬತ್ತು ಬಾಣಗಳು ಊಟದ ತಟ್ಟೆಯಷ್ಟು ಜಾಗದೊಳಗೆ ಬೀಳುವ ದೂರವೇ ನಮ್ಮ ಅಳತೆ. ಕಾಂಪೌಂಡ್‌ನಲ್ಲಿ ಅದು 40 ಮೀಟರ್ ಇತ್ತು. ಹೊಸ ಬಿಲ್ಲಿನಲ್ಲಿ 12. ಆ 28 ಮೀಟರನ್ನು ಬಿಟ್ಟುಕೊಡುವುದೇ ಈ ಆಯ್ಕೆಯ ನಿಜವಾದ ಬೆಲೆ.

ಕ್ಯಾಲಿಫೋರ್ನಿಯದ ಯಾಹಿ ಜನರಲ್ಲಿ ಕೊನೆಯವನಾಗಿ ಉಳಿದ ಇಶಿ 1911ರಲ್ಲಿ ಕಾಡಿನಿಂದ ಹೊರಬಂದ. ಅವನಿಂದ ಬಿಲ್ವಿದ್ಯೆ ಕಲಿತ ಶಸ್ತ್ರವೈದ್ಯ ಸ್ಯಾಕ್ಸ್‌ಟನ್ ಪೋಪ್ 1923ರಲ್ಲಿ ಬಿಲ್ಲುಬೇಟೆಯ ಬಗ್ಗೆ ಪುಸ್ತಕ ಬರೆದ. ಅದರಲ್ಲಿ ಕಾಣುವ ಇಶಿಯ ಹೆಚ್ಚುಗಾರಿಕೆ ದೂರದ ಗುರಿ ಹೊಡೆಯುವುದಲ್ಲ, ಪ್ರಾಣಿಗೆ ತಿಳಿಯದಂತೆ ಹತ್ತಿರ ಹೋಗುವುದು. ರಾಟೆಯ ಬಿಲ್ಲಿನವನು ಎಳೆದು ಹಿಡಿದು ಪ್ರಾಣಿ ತಿರುಗುವ ತನಕ ಕಾಯಬಲ್ಲ. ಹಳೆಯ ಬಿಲ್ಲು ಅಷ್ಟು ಹೊತ್ತು ಕೊಡುವುದಿಲ್ಲ. ಹೊಡೆಯಬೇಕೆ, ಬೇಡವೆ ಎಂಬುದು ಎಳೆಯುವ ಮುನ್ನವೇ ತೀರ್ಮಾನವಾಗಬೇಕು.

ಹಾಗಾದರೆ ಬೇಟೆಯಿಲ್ಲದ ನಾಡಿನಲ್ಲಿ ಬೇಟೆಯ ಬಿಲ್ಲೇಕೆ? ಬೇಟೆಗಾರನಿಗೆ ಕಾಡು ಕಲಿಸಿದ್ದರಲ್ಲಿ ಕೊಲ್ಲುವುದನ್ನು ಕಾನೂನು ಕಳೆದಿದೆ; ಉಳಿದದ್ದು ತನ್ನ ಅಳವಿನ ಅರಿವು. ಅದನ್ನು ಕಲಿಯಲು ಹನ್ನೆರಡು ಮೀಟರ್ ಸಾಕಷ್ಟು ಉದ್ದವಿದೆ. ಈಗ ಭಾನುವಾರ ಬೆಳಿಗ್ಗೆ ಹೊಲದಲ್ಲಿ ಅಂದಾಜಿನ ಮೇಲೆ ನಿಂತು, ದೂರ ಹೆಚ್ಚೆನಿಸಿದರೆ ಬಾಣವನ್ನು ಬತ್ತಳಿಕೆಗೆ ಮರಳಿಸುತ್ತೇವೆ. ಜಿಂಕೆ ಫೋಮಿನದೇ ಆದರೂ ಲೆಕ್ಕ ಅದೇ. ಗೆಳೆಯರಿಗೆ ನಾವು ಕೊಟ್ಟ ಉತ್ತರವೂ ಇಷ್ಟೇ.